ಹಿಡಿ ಮಣ್ಣಿಲ್ಲದ ಅಂಗಳ

"ಅಜ್ಜಾರ, ಮಠದ ಅಂಗಳಕ್ಕ ಪರ್ಸಿ ಕಲ್ಲು ಹಾಸಿಸಾಕ ಯಾಕ ಬ್ಯಾಡಂತೀರಿ?"

ಕೇಳಿದವನು ಅಡಿವೆಯ್ಯ. ಮಠದ ಶಿಷ್ಯ, ತಲೆ ಅರ್ಧ ನರೆತವನು. ಅಜ್ಜ ಅಂದರೆ ಆ ಮಠದ ಗುರು. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು.

ಹಿಂದಿನ ದಿನದ ಮಳೆಗೆ ಅಂಗಳ ಕೆಸರಾಗಿತ್ತು. ಬೆಳಿಗ್ಗೆ ಅಜ್ಜ ಬಾವಿಯ ಕಡೆ ಹೋಗುವಾಗ ಜಾರಿ ಬಿದ್ದರು. ಅಡಿವೆಯ್ಯ ಅವರನ್ನು ಕೂಸಿನ ಹಾಗೆ ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿದ್ದ. ಈಗ ಅವರ ಮೊಣಕಾಲಿಗೆ ಅರಿಶಿನ ಸುಣ್ಣ ಹಚ್ಚುತ್ತಿದ್ದ.

ಬಾಗಿಲಲ್ಲಿ ಒಂದು ಟ್ರ್ಯಾಕ್ಟರ್ ಪರ್ಸಿ ಕಲ್ಲು ಬಂದು ನಿಂತಿತ್ತು. ಯಾರೋ ಭಕ್ತರು ಕಳಿಸಿದ್ದು. ನುಣುಪಾದ ಚಪ್ಪಟೆ ಕಲ್ಲು. ಇಳಿಸು ಅನ್ನಬೇಕಾದವರು ಅಜ್ಜ. ಅವರು ಅನ್ನುತ್ತಿರಲಿಲ್ಲ.

"ಕಲ್ಲು ಹಾಸಿದ್ರ ಕೆಸರಿರಂಗಿಲ್ಲ. ಕೆಸರಿಲ್ಲಂದ್ರ ನೀವು ಬೀಳಂಗಿಲ್ಲ. ಇದರಾಗ ತಪ್ಪೇನೈತ್ರಿ?" ಅಡಿವೆಯ್ಯ ಕೇಳಿದ. ಬಿದ್ದವರು ಅಜ್ಜ, ನೋವು ಅವನದು.

"ತಪ್ಪಿಲ್ಲೋ ಮಾರಾಯ, ಪ್ರೀತಿ ಐತಿ," ಅಂದರು ಅಜ್ಜ. "ಅದಕ್ಕ ನನಗ ಅಂಜಿಕಿ. ಕುಂದ್ರು. ಟ್ರ್ಯಾಕ್ಟರಿನಂವಗೂ ಒಂದ ಬೀಡಿ ಸೇದಾಕ ಹೇಳು. ಒಂದು ಕತಿ ಐತಿ."

ಅಜ್ಜ ಹೇಳಿದ ಕತೆ ಇದು.

ಒಂದೂರಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನ ಕೈಯಷ್ಟು ಮೆತ್ತಗಿನ ಕೈ ಆ ಸೀಮೆಯಲ್ಲಿ ಇರಲಿಲ್ಲ. ಅವನ ಬಾಯಷ್ಟು ದೊಡ್ಡ ಬಾಯಿಯೂ ಇರಲಿಲ್ಲ. ಎರಡೂ ಅವನ ಕಸುಬಿಗೆ ಬೇಕಾದವೇ. ಬಿಗಿಯಾದ ಬಳೆ ಬೆರಳ ಗೆಣ್ಣು ದಾಟುವಾಗ ಹೆಂಗಸರಿಗೆ ಜೀವ ಹೋದ ಹಾಗಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ವ್ಯಾಪಾರಿ ಒಂದು ಸುಳ್ಳು ಬಿಡುತ್ತಿದ್ದ. ಅವರು ಬಾಯಿ ತೆರೆದು ಕೇಳುತ್ತ ಕೂತಾಗ ಬಳೆ ತನ್ನ ಪಾಡಿಗೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಅವನ ಸುಳ್ಳೆಲ್ಲ ಅವನ ಮನೆಯ ಬಾವಿಯ ಮೇಲೆ.

"ನಮ್ಮ ಬಾವ್ಯಾಗ ಒಂದು ತಂಬಿಗಿ ಬಿತ್ತವ್ವಾ. ಅದು ತಳಾ ಮುಟ್ಟಿದ ಸಪ್ಪಳ ಕೇಳೂದ್ರಾಗ ನಾ ಊಟಾ ಮುಗಿಸಿ, ಎಲಿ ಅಡಿಕಿ ಹಾಕ್ಕೊಂಡು, ಒಂದು ನಿದ್ದಿ ತಗದೆದ್ದಿದ್ದೆ!"

"ಅದರಾಗ ಮೀನೂ ಅದಾವೇನೋ ಅಣ್ಣಾ?"

"ಮೀನಾ? ಅವುಕ್ಕ ಮೀಸಿ ಬಂದು, ಮೀಸಿ ಹಣ್ಣಾಗಿ, ಈಗ ಕೋಲು ಹಿಡಕೊಂಡ ಈಜತಾವ!"

ಬೇರೆಯವರ ಬಾವಿಗೆ ತಳವಿದೆ, ತನ್ನ ಬಾವಿಗೆ ಪಾತಾಳವೇ ತಳ ಎಂದು ಅವನು ಹೇಳುತ್ತಿದ್ದ. ಹೇಳಿ ಹೇಳಿ ಕಡೆಗೆ ತಾನೇ ನಂಬಿದ್ದ.

ಅವನಿಗೆ ಒಬ್ಬಳೇ ಮಗಳು. ಅವಳು ಅಂಬೆಗಾಲಿಡುವ ಮೊದಲೇ ತಾಯಿ ತೀರಿಕೊಂಡಿದ್ದಳು. ಕೂಸಿಗೆ ಜಡೆ ಹಾಕುವುದನ್ನು ವ್ಯಾಪಾರಿ ಬಳೆ ಕೊಳ್ಳಲು ಬಂದ ಹೆಂಗಸರಿಂದಲೇ ಕಲಿತ. ಊರಿನ ಕೈಗಳಿಗೆಲ್ಲ ಬಳೆ ತೊಡಿಸಿ ಉಳಿದದ್ದು ಮಗಳಿಗೆ ಎಂಬ ಲೆಕ್ಕವಲ್ಲ ಅವನದು. ಮಗಳ ಕೈಗೆ ಮೊದಲು ಆರಿಸಿ, ಉಳಿದದ್ದು ಊರಿಗೆ.

ಒಂದು ಮಳೆಗಾಲ ಮಗಳು ಹಿತ್ತಲಲ್ಲಿ ಓಡುತ್ತ ಜಾರಿದಳು. ಕೈಯೂರಿ ಬಿದ್ದಳು. ಎರಡೂ ಕೈಯ ಬಳೆ ಚೂರಾಗಿ ಮಣಿಕಟ್ಟಿಗೆ ಚುಚ್ಚಿದವು. ರಕ್ತ ಬಂತು. ಮಗಳು ಸ್ವಲ್ಪ ಅತ್ತಳು. ಅಪ್ಪ ಬಹಳ ಅತ್ತ. ಆ ಬಳೆ ತೊಡಿಸಿದವನು ಅವನೇ ಅಲ್ಲವೇ.

ಮುಂದಿನ ಬೇಸಿಗೆಯಲ್ಲಿ ಅವನು ಮನೆಗೆಲ್ಲ ಪರ್ಸಿ ಕಲ್ಲು ಹಾಸಿಸಿದ. ಮುಂದಿನ ಅಂಗಳಕ್ಕೆ ಹಾಸಿಸಿದ. ಹಿಂದಿನ ಹಿತ್ತಲಿಗೆ ಹಾಸಿಸಿದ. ಬಚ್ಚಲ ನೀರು ಕುಡಿದು ಬೆಳೆದಿದ್ದ ಬಾಳೆಗಿಡ ಕಡಿಸಿ ಅಲ್ಲಿಗೂ ಹಾಸಿಸಿದ. ಸಂದಿಗೆ ಗಚ್ಚು ತುಂಬಿಸಿದ. ಹನಿ ನೀರೂ ನಿಲ್ಲಬಾರದೆಂದು ಕಲ್ಲಿಗೆಲ್ಲ ಬೀದಿಯ ಗಟಾರದ ಕಡೆ ಇಳಿಜಾರಾಗಿ ವಾಟ ಕೊಡಿಸಿದ. ಮಾಳಿಗೆಯಿಂದ ನೀರು ಸುರಿಯುವ ದೋಣಿಯ ಬಾಯನ್ನೂ ಗಟಾರಕ್ಕೆ ತಿರುಗಿಸಿದ.

"ಮಳಿ ಬಂದು ಹೋಗಿದ್ದು ನಮ್ಮ ಅಂಗಳಕ್ಕ ಗೊತ್ತ ಆಗಂಗಿಲ್ಲ!" ಎಂದು ಎಲ್ಲರ ಮುಂದೆ ಹೇಳಿಕೊಂಡ.

ಅವನು ಬಡಾಯಿ ಕೊಚ್ಚಿದ್ದರಲ್ಲಿ ಅದೊಂದೇ ನಿಜ.

ಮಗಳು ಬೆಳೆದಳು. ಬಾವಿಯ ಹಗ್ಗವೂ ಬೆಳೆಯಿತು. ಪ್ರತಿ ಬೇಸಿಗೆ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಬೇಕಾಯಿತು. ಬೇರೆಯವನಾಗಿದ್ದರೆ ಚಿಂತೆ ಮಾಡುತ್ತಿದ್ದ. ವ್ಯಾಪಾರಿಗೆ ಹೇಳಿಕೊಳ್ಳಲು ಹೊಸ ಮಾತು ಸಿಕ್ಕಿತು.

"ಮಂದಿ ಬಾವಿ ಆಳ ಮಾಡ್ಸಾಕ ಕೂಲಿ ಕೊಡ್ತಾರವ್ವಾ. ನಮ್ಮ ಬಾವಿ ನೋಡು, ತನಗ ತಾನ ಆಳ ಆಗಾಕತ್ತೈತಿ!"

ಹೆಂಗಸರು ನಕ್ಕರು. ಬಳೆ ಇಳಿಯಿತು.

ಮಗಳ ಮದುವೆಯಾಯಿತು. ಗಂಡನ ಮನೆಗೆ ಹೋದಳು. ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತಾಯಿಯಿಲ್ಲದ ತವರಾದರೂ ತವರೇ. ವ್ಯಾಪಾರಿ ಗಾಡಿ ಕಟ್ಟಿಸಿಕೊಂಡು ಹೋಗಿ ಕರೆತಂದ. ಜೊತೆಗೆ ಬೀಗತಿಯೂ ಬಂದಳು. ಸೊಸೆಯ ಬಾಣಂತನ ಆಗುವ ಮನೆ ಹೇಗಿದೆ ಎಂದು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಅವಳು ಕೆಟ್ಟವಳಲ್ಲ. ನಾಲ್ಕು ಹೆತ್ತವಳು. ಬಾಣಂತಿಯ ಮೈಗೆ ದಿನಾ ಹಂಡೆ ಹಂಡೆ ಬಿಸಿನೀರು ಎರೆಯಬೇಕು, ಕೂಸಿನ ಬಟ್ಟೆ ಹೊತ್ತು ಹೊತ್ತಿಗೆ ಒಗೆಯಬೇಕು ಎಂದು ಬಲ್ಲವಳು. ನೇರವಾಗಿ ಬಾವಿಯ ಹತ್ತಿರ ಹೋದಳು. ಒಂದು ಹರಳು ಆರಿಸಿ ಒಳಗೆ ಹಾಕಿ ಕಿವಿಗೊಟ್ಟಳು.

ಟಣ್ ಎಂದಿತು. ಕಲ್ಲಿನ ಮೇಲೆ ಕಲ್ಲು.

"ಬೀಗರ, ನಿಮ್ಮ ಮೀನು ಎಲ್ಲಿ ಹೋದುವ್ರಿ? ಕೋಲು ಹಿಡಕೊಂಡ ಊರ ಬಿಟ್ಟುವೇನ?"

ವ್ಯಾಪಾರಿ ನಕ್ಕ. ನಗು ಅರ್ಧಕ್ಕೇ ನಿಂತಿತು.

"ನೋಡ್ರಿ ಬೀಗರ," ಅಂದಳು ಬೀಗತಿ, ಈಗ ಮೆಲ್ಲಗೆ. "ಹುಡುಗಿ ನಿಮ್ಮ ಹಂತೇಕ ಇರಬೇಕಂತ ಹಂಬಲಸ್ತಾಳ. ನಾ ಬ್ಯಾಡನ್ನಂಗಿಲ್ಲ. ತೊಟ್ಟಲದ ದಿನಾ ಬರ್ತೀನಿ. ಅವತ್ತ ಬಾಣಂತಿ ತವರಮನಿ ಬಾವಿಗೆ ಪೂಜಿ ಮಾಡಿ, ತನ್ನ ಕೈಲೆ ಒಂದು ಕೊಡ ನೀರು ಜಗ್ಗಿ ಹೊಸ್ತಿಲಾ ದಾಟಿಸಬೇಕು. ಪದ್ಧತಿ ನಿಮಗೂ ಗೊತ್ತೈತಿ. ಕೊಡ ತುಂಬಿದ್ರ ತಾಯಿ ಕೂಸು ನಿಮ್ಮ ಮನ್ಯಾಗ ಇರಲಿ, ಕೂಸು ಕುಂದ್ರೂಮಟ ಇರಲಿ. ತುಂಬಲಿಲ್ಲಂದ್ರ ಅವತ್ತ ಗಾಡಿ ಹತ್ತಿಸ್ಕೊಂಡ ಹೋಗ್ತೀನಿ. ನೀರಿಲ್ಲದ ಮನ್ಯಾಗ ಬಾಣಂತಿ ಇಡಾಕ ನನ್ನ ಜೀವ ಒಪ್ಪಂಗಿಲ್ಲ."

"ಅಕ್ಕಾರ, ಅವತ್ತ ನೋಡ್ರಿ, ನೀರು ತಾನ ಹೊಸ್ತಿಲಾ ದಾಟಿ ಒಳಗ ಬರ್ತೈತಿ!" ಅಂದ ವ್ಯಾಪಾರಿ.

ಬೀಗತಿ ಹೋದ ಮೇಲೆ ಅವನು ಮಗಳಿಗೆ ಹಸಿರು ಬಳೆ ತೊಡಿಸಲು ಕೂತ. ಗೆಣ್ಣಿನ ಹತ್ತಿರ ಬಳೆ ನಿಂತಿತು. ಮಗಳು ಕಾದಳು. ಅಪ್ಪನ ಬಾಯಿಂದ ಒಂದು ಸುಳ್ಳೂ ಹೊರಡಲಿಲ್ಲ. ಮಗಳೇ ಬಳೆಯನ್ನು ಒಳಗೆ ತಳ್ಳಿಕೊಂಡಳು. ನೋವಾಯಿತು. ತೋರಿಸಿಕೊಳ್ಳಲಿಲ್ಲ.

ಹೇಳಿದ್ದಕ್ಕಿಂತ ಮೊದಲೇ ಹೆರಿಗೆಯಾಯಿತು. ನೆತ್ತಿಯ ಮೇಲೆ ಬಿಸಿಲು. ಬಾವಿಯಲ್ಲಿ ಹನಿ ನೀರಿಲ್ಲ. ಓಣಿಯ ಹೆಂಗಸರು ತಮ್ಮ ತಮ್ಮ ಮನೆಯಿಂದ ಒಂದೊಂದು ಕೊಡ ಹೊತ್ತು ಬಂದರು. ಅವನು ಬಳೆ ತೊಡಿಸಿದ ಕೈಗಳೇ ಎಲ್ಲವೂ. ಕೊಡ ಇಳಿಸುವಾಗ ಬಳೆ ಸಪ್ಪಳವಾಗುತ್ತಿತ್ತು. ವ್ಯಾಪಾರಿ ತಲೆ ಎತ್ತಲಿಲ್ಲ.

ಹೆಣ್ಣು ಕೂಸು. ತಾಯಿ ಚೆನ್ನಾಗಿದ್ದಳು.

ಸೂಲಗಿತ್ತಿ ಮುದುಕಿ ಹಿತ್ತಲಿಗೆ ಬಂದಳು. ಕೈಯಲ್ಲಿ ಹೊಸ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಕೂಸಿನ ಹಿಂದೆ ಬಿದ್ದ ಮಾಸು. ಸುತ್ತ ಒಂದು ಸಲ ನೋಡಿದಳು.

"ಎಲ್ಲಿ ಹುಗೀಲೋ ಇದನ್ನ?"

ವ್ಯಾಪಾರಿಯೂ ನೋಡಿದ. ಗೋಡೆಯಿಂದ ಗೋಡೆಗೆ ಕಲ್ಲು.

"ಊರ ಹೊರಗ ಎಲ್ಯರೆ..." ಅಂದ.

"ಊರ ಹೊರಗಾ? ಕೂಸು ಊರ ಹೊರಗ ಹುಟ್ಟೈತೇನ?" ಮುದುಕಿ ರೇಗಿದಳು. "ಹುಟ್ಟಿದ ಮನಿ ಮಣ್ಣಾಗ ಹುಗೀಬೇಕು. ಬಾಣಂತಿ ಜಳಕದ ನೀರು ಅದರ ಮ್ಯಾಲ ಹರೀಬೇಕು. ಆ ಜಾಗಾ ತಂಪಿದ್ರ ತಾಯಿ ಎದಿಯಾಗ ಹಾಲು. ನಿನ್ನ ಮಗಳದನ್ನೂ ಇದ ಕೈಲೆ ಹುಗದೀನಿ. ಬಚ್ಚಲ ಹಿಂದ, ಬಾಳಿ ಬುಡಕ. ಎಲ್ಲೈತಿ ಈಗ ಆ ಜಾಗಾ? ತೋರ್ಸು."

ವ್ಯಾಪಾರಿ ಅದರ ಮೇಲೆಯೇ ನಿಂತಿದ್ದ.

ಅವನು ಹಾರೆ ತಂದ. ಗಚ್ಚು ಒಡೆದ. ಕಲ್ಲು ಎತ್ತಿದ. ಕೆಳಗಿನ ಮಣ್ಣು ಬೂದಿಯ ಹಾಗಿತ್ತು. ಮುಟ್ಟಿದರೆ ಪುಡಿಯಾಯಿತು. ಒಂದು ಎರೆಹುಳುವಿಲ್ಲ, ಒಂದು ಬೇರಿಲ್ಲ. ಒಣಗಿದ ಬಾಳೆಗಡ್ಡೆಯ ನಾರು ಮಾತ್ರ ಇತ್ತು. ಹಿಂದೊಮ್ಮೆ ಆ ಮಣ್ಣಿನ ಮೇಲೆ ಅವನ ಹೆಂಡತಿಯ ಜಳಕದ ನೀರು ಹರಿದಿತ್ತು. ಮಗಳ ಕಾಲಿಗೆ ಕೆಸರು ತಾಗದ ಹಾಗೆ ಕಾದವನು, ಮಗಳ ಮಣ್ಣಿಗೆ ಹನಿ ನೀರು ತಾಗದ ಹಾಗೆಯೂ ಕಾದಿದ್ದ.

ಅವನು ಹಿಡಿ ಮಣ್ಣು ಹಿಡಿದು ಅಲ್ಲೇ ಕೂತುಬಿಟ್ಟ.

ಮುದುಕಿ ಗುಣಿ ತೋಡಿ ಕುಡಿಕೆ ಹುಗಿದಳು. ಮೇಲೆ ಒಂದು ತಂಬಿಗೆ ನೀರು ಹಾಕಿದಳು. ಸುರ್ರೆಂದಿತು. ನೋಡುತ್ತಿದ್ದ ಹಾಗೆ ನೀರಿಲ್ಲ. ಇನ್ನೊಂದು ಹಾಕಿದಳು. ಅದೂ ಇಲ್ಲ.

"ಎಷ್ಟ ನೀರಡಿಸೈತೋ ಪಾಪ," ಅಂದಳು ಮುದುಕಿ, ದನಕ್ಕೆ ಅಂದ ಹಾಗೆ.

ಅಂದಿನಿಂದ ಬಾಣಂತಿಯ ಜಳಕದ ನೀರು ಅಲ್ಲಿಗೆ ಹರಿಯಿತು. ಜಳಕ ನಡೆದಾಗೆಲ್ಲ ವ್ಯಾಪಾರಿ ಹಿತ್ತಲಲ್ಲಿ ಕೂತು ಆ ಮಣ್ಣು ಕುಡಿಯುವುದನ್ನು ನೋಡುತ್ತಿದ್ದ. ಕುಡಿದದ್ದು ಎಲ್ಲಿಗೆ ಹೋಗುತ್ತದೆ? ಕೆಳಗೆ. ಕೆಳಗೆ ಏನಿದೆ? ಅವನು ತಿರುಗಿ ಬಾವಿಯ ಕಡೆ ನೋಡಿದ. ಬಾವಿಗೆ ನೀರು ಪಾತಾಳದಿಂದ ಬರುತ್ತದೆ ಎಂದು ಊರಿಗೆಲ್ಲ ಹೇಳಿದವನು ಅವನು. ನೀರು ಬರುತ್ತಿದ್ದದ್ದು ಅವನ ಅಂಗಳದಿಂದ. ಮಳೆ ಕೊಟ್ಟದ್ದನ್ನು ಮಣ್ಣು ಕುಡಿದು, ತನಗಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಾವಿಗೆ ಕೊಡುತ್ತಿತ್ತು. ಅವನು ಆ ಬಾಯನ್ನೇ ಗಚ್ಚು ಹಾಕಿ ಮುಚ್ಚಿಸಿದ್ದ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಂತು. ಹನಿ ಅಂದರೆ ಎಂಥ ಹನಿ! ಒಂದೊಂದು ಹನಿಗೂ ಒಂದೊಂದು ಚರಿಗೆ ತುಂಬಬಹುದಿತ್ತು. ಕಲ್ಲಿನ ಮೇಲೆ ಬಿದ್ದ ನೀರು ಕೊಟ್ಟ ವಾಟದ ಪ್ರಕಾರ ಗಟಾರಕ್ಕೆ ಓಡಿತು. ಮಾಳಿಗೆಯ ನೀರೂ ಅದರ ಬೆನ್ನು ಹತ್ತಿತು. ಬೀದಿಗೆ ನೀರು ಬೀಳುವ ಸದ್ದು ಅಷ್ಟು ವರ್ಷ ಅವನಿಗೆ ಹಿತವಾಗಿ ಕೇಳಿಸುತ್ತಿತ್ತು. ಅಂದು ಕೇಳಿಸಿದಾಗ, ಮನೆಯ ಮಂದಿಯೇ ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ ಹೋಗುತ್ತಿರುವ ಹಾಗಾಯಿತು.

ಅವನು ಎದ್ದ. ಬಳೆಯ ಪೆಟ್ಟಿಗೆ ಬಿಚ್ಚಿದ. ಬಳೆ ಒಡೆಯದಿರಲೆಂದು ತುಂಬಿದ್ದ ಹುಲ್ಲನ್ನೆಲ್ಲ ಬಾಚಿ ತೆಗೆದು ಗಟಾರದ ಬಾಯಿಗೆ ತುರುಕಿದ. ನೀರು ತಡೆಯಿತು. ಕಲ್ಲಿನ ಮೇಲೆ ಏರಿತು. ಮಾಸು ಹುಗಿದ ಜಾಗವನ್ನು ನೀರು ಕೊರೆಯದಿರಲೆಂದು ಅದರ ಸುತ್ತ ಮಣ್ಣಿನ ಒಡ್ಡು ಕಟ್ಟಿದ. ಅದು ತಾಯಿ ಕೂಸಿನ ಜಾಗ. ಆಮೇಲೆ ಹಾರೆ ಹಿಡಿದು ಅಂಗಳದ ನಡುವಿನ ಕಲ್ಲು ಎಬ್ಬಿಸಿದ. ಬುಳುಬುಳು ಎಂದು ನೀರು ಒಳಗಿಳಿಯಿತು. ಅದರ ಬಗಲಿನ ಕಲ್ಲು ಎಬ್ಬಿಸಿದ. ಮತ್ತೊಂದು. ಮಳೆ ಹೊಡೆಯುತ್ತಿತ್ತು. ಅವನಿಗೆ ಪರಿವೆಯಿಲ್ಲ.

ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಬಂದು ಕೂಗಿದಳು.

"ಅಪ್ಪಾ! ಒಳಗ ಬಾ! ಜಾರಿ ಬೀಳ್ತಿ!"

ಅವಳು ಅನ್ನುವುದಕ್ಕೂ ಅವನು ಬೀಳುವುದಕ್ಕೂ ಸರಿಹೋಯಿತು. ಕೆಸರಿನಲ್ಲಿ ಪಚಕ್ಕನೆ ಕೂತ. ವ್ಯಾಪಾರಿ ಎರಡೂ ಕೈಯಲ್ಲಿ ಕೆಸರು ಎತ್ತಿ ಹಿಡಿದು ನಗತೊಡಗಿದ.

"ಬಿದ್ದೆ ಮಗಳ, ಬಿದ್ದೆ! ಕಡೀಕ ನಮ್ಮ ಮನ್ಯಾಗೂ ಜಾರಾಕ ಒಂದೀಟು ಕೆಸರು ಬಂತು ನೋಡ!"

ಮಳೆ ನಿಂತ ಮೇಲೆ ಕೆಲಸಕ್ಕೆ ನಿಂತ. ಮಾಳಿಗೆಯ ದೋಣಿಯನ್ನು ಒಳಗೆ ತಿರುಗಿಸಿದ. ಅದು ಸುರಿಯುವಲ್ಲಿ ಆಳುದ್ದ ಗುಂಡಿ ತೋಡಿ ತಳಕ್ಕೆ ದಪ್ಪ ಕಲ್ಲು, ಮೇಲೆ ಹರಳು, ಅದರ ಮೇಲೆ ಉಸುಕು ತುಂಬಿದ. ಬಾವಿಯ ಸುತ್ತ ಒಂದು ಸುತ್ತು ಕಲ್ಲು ಮಾತ್ರ ಉಳಿಸಿದ, ಹೊರಗಿನ ಹೊಲಸು ಒಳಗೆ ಇಳಿಯದಿರಲಿ ಎಂದು. ಬಚ್ಚಲ ನೀರಿಗೆ ಮತ್ತೆ ಬಾಳೆ ನೆಟ್ಟ. ಕೂಸಿನ ಬಟ್ಟೆ ಜಾಲಿಸಿದ ನೀರನ್ನೂ ಚೆಲ್ಲದೆ ತಾನೇ ಹೊತ್ತು ಬಾಳೆಗೆ ಹಾಕಿದ.

ಇಲ್ಲಿ ಅಡಿವೆಯ್ಯನಿಗೆ ತಡೆಯಲಾಗಲಿಲ್ಲ.

"ಬಾವಿ ತುಂಬಿತೇನ್ರಿ ಅಜ್ಜಾರ?"

"ತುಂಬಿ ಹೊರಗ ಹರೀತು ಅಂದ್ರ ನಾ ಆ ಬಳೆಗಾರಗಿಂತ ದೊಡ್ಡ ಸುಳ್ಳ ಹೇಳಿದಂಗಾಗ್ತೈತಿ," ಅಂದರು ಅಜ್ಜ. "ಅಷ್ಟ ವರ್ಷದ ನೀರಡಿಕಿ ಒಂದ ಮಿರಗಕ್ಕ ಹೋಗತೈತೇನೋ? ಕೇಳು."

ತೊಟ್ಟಿಲಿನ ದಿನ ಬಂತು. ಬೀಗತಿ ಬಂದಳು. ಗಾಡಿ ಬಾಗಿಲಿಗೆ ನಿಂತಿತು.

"ಎತ್ತು ಬಿಚ್ಚಬ್ಯಾಡ, ಹಂಗ ಇರಲಿ," ಎಂದು ಗಾಡಿಯವನಿಗೆ ಹೇಳಿ ಒಳಗೆ ಬಂದಳು.

ಆ ಮಾತು ಕೇಳಿ ವ್ಯಾಪಾರಿ ಗೋಡೆಗೆ ಆತುಕೊಂಡ.

ಮಗಳು ಬಾವಿಗೆ ಅರಿಶಿನ ಕುಂಕುಮ ಹಚ್ಚಿದಳು. ಹೂವೇರಿಸಿದಳು. ಕೊಡದ ಕೊರಳಿಗೆ ಕುಣಿಕೆ ಹಾಕಿ ಇಳಿಬಿಟ್ಟಳು. ಹಗ್ಗದ ಗಂಟುಗಳು ಅವಳ ಅಂಗೈಯಿಂದ ಒಂದೊಂದಾಗಿ ಜಾರಿ ಇಳಿದವು. ಒಂದೊಂದು ಗಂಟೂ ಒಂದೊಂದು ಬೇಸಿಗೆ. ಓಣಿಯ ಹೆಂಗಸರು ಸುತ್ತ ನೆರೆದಿದ್ದರು. ಯಾರ ಬಳೆಯೂ ಸಪ್ಪಳ ಮಾಡಲಿಲ್ಲ. ಬೀಗತಿ ಕಿವಿ ಒಡ್ಡಿ ನಿಂತಿದ್ದಳು.

ಬುಳುಕ್ ಎಂದಿತು.

ಒಮ್ಮೆಗೇ ಮುಳುಗಲಿಲ್ಲ ಕೊಡ. ಅಷ್ಟು ನೀರಿರಲಿಲ್ಲ. ಮಗಳು ಹಗ್ಗ ಎತ್ತಿ ಬಿಟ್ಟು, ಎತ್ತಿ ಬಿಟ್ಟು, ಮಲಗಿದ ಕೊಡಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿದಳು. ಆಮೇಲೆ ಜಗ್ಗಿದಳು. ಮೇಲೆ ಬಂದ ಕೊಡ ತುಂಬಿತ್ತು. ನೀರು ತುಸು ರಾಡಿ. ಹೊಸ ಮಳೆಯ ಮಣ್ಣಿನ ವಾಸನೆ.

ಎಲ್ಲರೂ ವ್ಯಾಪಾರಿಯ ಬಾಯಿ ನೋಡಿದರು. ಈಗೊಂದು ದೊಡ್ಡ ಮಾತು ಬರುತ್ತದೆ ಎಂದು ಕಾದರು. ಅವನು ಎರಡು ಸಲ ಬಾಯಿ ತೆರೆದ. ಕಡೆಗೆ ಕೈ ಮುಗಿದು ಅಂದ:

"ಅಕ್ಕಾರ, ಇಷ್ಟ ಐತ್ರಿ."

ಬೀಗತಿ ಕೊಡ ನೋಡಿದಳು. ಕಿತ್ತಿಟ್ಟ ಕಲ್ಲಿನ ರಾಶಿ ನೋಡಿದಳು. ಕೆಸರಾದ ಅಂಗಳ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು.

"ಎತ್ತು ಬಿಚ್ಚೋ!"

ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಳಕ್ಕೆ ಒಂದು ಹೆಜ್ಜೆ ಇಟ್ಟಳು. ಕಾಲು ಜಾರಿತು. "ಏ ಹುಡುಗಿ, ಕೈ ಕೊಡ," ಅಂದಳು ಸೊಸೆಗೆ. ಅತ್ತೆ ಸೊಸೆ ಕೈ ಕೈ ಹಿಡಿದು, ಬಿದ್ದೇ ಬಿಡುತ್ತೇವೆ ಎಂದು ನಗುತ್ತ, ಕೆಸರು ದಾಟಿ ಕೊಡವನ್ನು ಒಳಗೆ ತಂದರು.

ಕತೆ ಮುಗಿಯಿತು. ಬಾಗಿಲಲ್ಲಿ ಟ್ರ್ಯಾಕ್ಟರಿನವನು ಬೀಡಿ ಮುಗಿಸಿ ಇವರ ಕಡೆಗೇ ನೋಡುತ್ತಿದ್ದ. ಅಡಿವೆಯ್ಯ ಅಜ್ಜನ ಮೊಣಕಾಲಿನ ಮೇಲಿನ ಅರಿಶಿನ ನೋಡಿದ. ಅವನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಕತಿ ತಿಳೀತ್ರಿ ಅಜ್ಜಾರ. ಆದ್ರ ನಾಳಿ ನೀವು ಮತ್ತ ಬಿದ್ರ?"

ಅಜ್ಜ ಅವನ ಹೆಗಲ ಮೇಲೆ ಕೈಯೂರಿ ಎದ್ದು ನಿಂತರು.

"ನಾ ಬಿದ್ರ ಎತ್ತಾಕ ನೀ ಅದೀಯಲ್ಲೋ ಅಡಿವೆಯ್ಯಾ, ಬಾಗಲಾ ದಾಟಿ ಹೋದ ನೀರನ್ನ ಎತ್ತಿಕೊಂಡು ಬರಾಕ ಯಾರ ಅದಾರ?"

ಅಡಿವೆಯ್ಯ ಅಜ್ಜನಿಗೆ ಹೆಗಲು ಕೊಟ್ಟುಕೊಂಡೇ, ಗಾಡಿ ತಿರುಗಿಸು ಎಂದು ಟ್ರ್ಯಾಕ್ಟರಿನವನಿಗೆ ಕೈ ಮಾಡಿದ.